ಇಂಪ್ಲಾಂಟ್ ನೋಯುವುದಿಲ್ಲ, ತೊಂದರೆ ಇರುವುದೇ ಅಲ್ಲಿ

ಹೋದ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ, ಹಾಕಿಸಿಕೊಂಡವರು ನೋವು ಶುರುವಾದ ಮೇಲೆ ಬಂದರೆ, ಹೆಚ್ಚಿನ ಸಲ ಅದನ್ನು ಉಳಿಸುವ ಕಾಲ ದಾಟಿರುತ್ತದೆ. ಈ ಮಾತನ್ನು ಸ್ಕ್ರೂ ಕೂರಿಸುವ ದಿನ ಹೇಳುತ್ತೇನೆ, ಅದರ ಮೇಲೆ ಹಲ್ಲಿನಾಕಾರದ ಕ್ಯಾಪ್ ಹಾಕುವ ದಿನ ಮತ್ತೆ ಹೇಳುತ್ತೇನೆ, ಚೀಟಿಯಲ್ಲಿ ಬರೆದೂ ಕೊಡುತ್ತೇನೆ. ಆದರೂ ವರ್ಷಗಟ್ಟಲೆ ಮುಖ ತೋರಿಸದೆ ಇದ್ದವರು, "ನೋವೇ ಇರಲಿಲ್ಲವಲ್ಲ ಡಾಕ್ಟರೇ, ಸುಮ್ಮನೆ ಯಾಕೆ ಬರುವುದು ಎಂದುಕೊಂಡೆ" ಎನ್ನುತ್ತಾರೆ. ಶಿರಸಿಯಲ್ಲಿ ಇಷ್ಟು ವರ್ಷ ಹಲ್ಲು ನೋಡಿದ ಮೇಲೂ ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ.

ಖರ್ಚೆಷ್ಟು, ಯಾವ ಕಂಪನಿಯದು, ಎಷ್ಟು ತಿಂಗಳು ಕಾಯಬೇಕು ಎಂಬುದನ್ನೆಲ್ಲ ಯಾರೂ ಕೇಳದೆ ಬಿಡುವುದಿಲ್ಲ. ನೋವಿನ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕಾಗಿದೆ.

ನಮ್ಮ ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ನಾರಿನ ಪದರವಿದೆ, ಅದರ ತುಂಬ ನರಗಳಿವೆ. ಅನ್ನದಲ್ಲಿ ಕಲ್ಲು ಸಿಕ್ಕಾಗ ದವಡೆ ತಟ್ಟನೆ ನಿಲ್ಲುವುದು ಆ ಪದರದಿಂದ. ಹಲ್ಲಿನೊಳಗಿನ ತಿರುಳಿನಲ್ಲೂ ನರವಿದೆ. ಹುಳುಕು ಅಲ್ಲಿಗೆ ತಲುಪಿದರೆ ರಾತ್ರಿ ನಿದ್ದೆ ಇರುವುದಿಲ್ಲ. ಇಂಪ್ಲಾಂಟ್‌ಗೆ ಆ ಪದರವೂ ಇಲ್ಲ, ತಿರುಳೂ ಇಲ್ಲ. ಟೈಟಾನಿಯಂ ನೇರವಾಗಿ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ. ಸ್ವೀಡನ್ನಿನ ವೈದ್ಯವಿಜ್ಞಾನಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಕಂಡುಕೊಂಡದ್ದು ಇದನ್ನೇ. 1965ರಲ್ಲಿ ಅವರು ಇಂಪ್ಲಾಂಟ್ ಕೂರಿಸಿದ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಊಟ ಮಾಡಿದರು. ಜೀವಮಾನವಿಡೀ ಬಾಳುತ್ತದೆ ಎನ್ನುವವರು ಇಂಥ ಉದಾಹರಣೆಗಳನ್ನು ತೋರಿಸುತ್ತಾರೆ. ಆ ಕಾಲದ ರೋಗಿಗಳನ್ನು ವೈದ್ಯರು ವರ್ಷವರ್ಷವೂ ಕರೆಸಿ ಪರೀಕ್ಷಿಸುತ್ತಿದ್ದರು ಎಂಬುದನ್ನೂ ಜೊತೆಗೆ ಹೇಳಬೇಕು.

ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಅದನ್ನು ಹಿಡಿದಿರುವ ಒಸಡು, ಮೂಳೆ ನಿಮ್ಮವೇ. ಒಸಡಿನ ಅಂಚಿನಲ್ಲಿ ಕೊಳೆ ಕೂತರೆ ಮೊದಲು ಒಸಡು ಕೆಂಪಾಗುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಬಂದರೆ ಸ್ವಚ್ಛಗೊಳಿಸಿ ಸರಿಪಡಿಸಬಹುದು. ಬಿಟ್ಟರೆ ಉರಿಯೂತ ಮೂಳೆಗೆ ಇಳಿಯುತ್ತದೆ. ಸಹಜ ಹಲ್ಲಿನ ಸುತ್ತ ಇರುವಷ್ಟು ಗಟ್ಟಿ ನಾರಿನ ತಡೆ ಇಲ್ಲಿಲ್ಲವಾದ್ದರಿಂದ ಬೇಗ ಇಳಿಯುತ್ತದೆ. ಅಷ್ಟಾದರೂ ಇಂಪ್ಲಾಂಟ್ ಅಲುಗಾಡುವುದಿಲ್ಲ. ಮಳೆಗೆ ಬುಡದ ಮಣ್ಣು ಅರ್ಧ ಕೊಚ್ಚಿಹೋದರೂ ಆಳಕ್ಕೆ ಹೂತ ಬೇಲಿಗೂಟ ನೆಟ್ಟಗೇ ನಿಂತಿರುವ ಹಾಗೆ, ತಳದ ಮೂಳೆಯೊಂದೇ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಅಲುಗಾಡಲು ಶುರುವಾಯಿತು ಎಂದರೆ ಆ ಹಿಡಿತವೂ ಹೋಯಿತು. ಆಮೇಲೆ ತೆಗೆಯುವುದೊಂದೇ ದಾರಿ.

ನಮ್ಮ ಕಡೆ ಇದಕ್ಕೆ ಕವಳವೂ (ಎಲೆಯಡಿಕೆ) ಸೇರುತ್ತದೆ. ತಂಬಾಕು ಹಾಕಿದ ಕವಳ ಒಸಡಿಗೆ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು. ಆದರೆ ಉಗುಳಿದ್ದೆಲ್ಲ ಕೆಂಪಾಗಿರುವಾಗ ಅದರಲ್ಲಿ ರಕ್ತವೂ ಇದೆ ಎಂದು ಯಾರಿಗೆ ತಿಳಿಯಬೇಕು? ನೋವಂತೂ ಬರುವುದಿಲ್ಲ, ರಕ್ತವೂ ಕಣ್ಣಿಗೆ ಬೀಳುವುದಿಲ್ಲ.

ಸಿದ್ದಾಪುರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೊಯ್ಲು ಮುಗಿಸಿ ಬಂದು ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿಸಿಕೊಂಡರು. ಮೂಳೆ ಕೂಡುವವರೆಗೆ ಕವಳ ಮುಟ್ಟಲಿಲ್ಲ; ಅಷ್ಟು ನಿಷ್ಠೆಯ ಮನುಷ್ಯ. ಕ್ಯಾಪ್ ಹಾಕಿದ ಮೇಲೆ ಕಾಣಲೇ ಇಲ್ಲ. ನಾಲ್ಕು ವರ್ಷದ ನಂತರ ಹೆಂಡತಿಯ ಹಲ್ಲು ತೋರಿಸಲು ಕರೆತಂದಾಗ, ನಿಮ್ಮದನ್ನೂ ನೋಡುತ್ತೇನೆ ಎಂದು ಕುರ್ಚಿಗೆ ಕೂರಿಸಿದೆ. ಒಸಡು ಒತ್ತಿದರೆ ಕೀವು ಬಂತು. "ಕಲ್ಲಿನಷ್ಟು ಗಟ್ಟಿ ಇದೆಯಲ್ಲ!" ಎಂದರು, ನಂಬಲಾಗದೆ. ಒಂದನ್ನು ಒಸಡು ಬಿಡಿಸಿ ಶುಚಿಮಾಡಿ ಉಳಿಸಿದೆ. ಇನ್ನೊಂದನ್ನು ತೆಗೆಯಬೇಕಾಯಿತು. ಈಗ ಇಬ್ಬರೂ ಜೊತೆಯಾಗಿ ಬರುತ್ತಾರೆ, ಬರುವಾಗ ಅಪ್ಪೆಮಿಡಿಯನ್ನೋ ಜೋನಿಬೆಲ್ಲವನ್ನೋ ತರುತ್ತಾರೆ. ಬೇಡವೆಂದರೆ ಕೇಳುವುದಿಲ್ಲ.

ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ತೋರಿಸಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ತಂಬಾಕು ಬಿಡದವರು, ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರು ಇನ್ನೂ ಬೇಗ ಬರಬೇಕಾಗಬಹುದು. ಎಷ್ಟು ಬೇಗ ಎಂಬುದನ್ನು ನಿಮ್ಮ ಬಾಯಿ ನೋಡಿದವರೇ ಹೇಳಬೇಕು. ರಕ್ತ ಕಂಡ ಮಾತ್ರಕ್ಕೆ ಮೂಳೆ ಹೋಗಿದೆ ಎಂದು ಹೆದರಬೇಡಿ, ತೋರಿಸಿ. ಎಲುಬು ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಅವುಗಳಲ್ಲಿ ಕೆಲವು ದವಡೆಯ ಗಾಯ ಮಾಯುವುದಕ್ಕೆ ಅಡ್ಡಿಯಾಗುತ್ತವೆ. ಮನೆಯಲ್ಲಿ ಸಾಮಾನ್ಯ ಬ್ರಷ್ ಸಾಲದು. ಹಲ್ಲುಗಳ ಸಂದಿಗೆ ಹೋಗುವ ಸಣ್ಣ ಬ್ರಷ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಯಾವ ಅಳತೆಯದು ಎಂದು ಕೇಳಿಕೊಂಡು ಕೊಳ್ಳಿ.

ಕಾರವಾರದಿಂದ ಗೋವಾಕ್ಕೆ, ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಹಾಕಿಸಿಕೊಂಡವರಿದ್ದಾರೆ. ಮಳೆಗಾಲದಲ್ಲಿ ತಪಾಸಣೆಗೆಂದು ಅಷ್ಟು ದೂರ ಯಾರು ಹೋಗುತ್ತಾರೆ? ಹೋಗಬೇಕೆಂದೂ ಇಲ್ಲ. ಹತ್ತಿರದ ದಂತವೈದ್ಯರಿಗೇ ತೋರಿಸಿ. ಹೋಗುವಾಗ ಕ್ಯಾಪ್ ಹಾಕಿದ ದಿನದ ಎಕ್ಸ್-ರೇ ಇರಲಿ, ಮೂಳೆ ಇಳಿದಿದೆಯೇ ಎಂದು ತಿಳಿಯುವುದು ಅದರೊಂದಿಗೆ ಹೋಲಿಸಿದಾಗ. ಕಂಪನಿಯ ಹೆಸರು, ಅಳತೆ ಬರೆದ ಕಾರ್ಡನ್ನೂ ಒಯ್ಯಿರಿ. ಒಂದೊಂದು ಕಂಪನಿಯ ಸ್ಕ್ರೂಗೆ ಒಂದೊಂದು ಬಗೆಯ ಕೀಲಿ ಬೇಕು. ಕಾರ್ಡ್ ಕೊಟ್ಟಿಲ್ಲವಾದರೆ, ಹಾಕಿದವರಿಗೆ ಇವತ್ತೇ ಫೋನ್ ಮಾಡಿ ಕೇಳಿ ಪಡೆಯಿರಿ.