ಹಿಂದೆ ಕ್ಲಮೀಡಿಯಾ ಆಗಿತ್ತು, ಈಗ ಐವಿಎಫ್ ಫಲ ಕೊಡುತ್ತಾ?

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಕ್ಲಮೀಡಿಯಾ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು) ಆಗಿ, ಮಾತ್ರೆ ತಗೊಂಡು ವಾಸಿಯಾಗಿತ್ತು. ಈಗ ಮಗುವಿಗಾಗಿ ಐವಿಎಫ್ ಚಿಕಿತ್ಸೆ ಶುರು ಮಾಡಿದ್ದೇವೆ. ರಕ್ತಪರೀಕ್ಷೆಯಲ್ಲಿ ಕ್ಲಮೀಡಿಯಾ ಆಂಟಿಬಾಡಿ ಪಾಸಿಟಿವ್ ಬಂದಿದೆ. ಗರ್ಭ ನಿಲ್ಲುತ್ತಾ? ಹುಟ್ಟೋ ಮಗುವಿಗೆ ತೊಂದರೆ ಇದೆಯಾ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ! ಇನ್ನೊಮ್ಮೆ ಹೇಳುತ್ತೇನೆ. ಸೋಂಕು ಪೂರ್ತಿ ವಾಸಿಯಾಗಿ, ಟ್ಯೂಬ್‌ಗಳು (ಅಂಡವನ್ನು ಗರ್ಭಕೋಶಕ್ಕೆ ಒಯ್ಯುವ ನಾಳಗಳು) ಚೆನ್ನಾಗಿದ್ದರೆ, ಹಳೇ ಸೋಂಕಿಗೆ ಹೆದರಿ ಆಸೆ ಬಿಡಬೇಡಿ. ವಾಸಿಯಾದ ಕ್ಲಮೀಡಿಯಾ ಮಗುವಿಗೆ ಹರಡುವುದಿಲ್ಲ. ಹೆರಿಗೆ ಹೊತ್ತಿಗೆ ತಾಯಿಯಲ್ಲಿ ಸೋಂಕು ಇದ್ದರೆ ಮಾತ್ರ ಮಗುವಿನ ಕಣ್ಣಿಗೆ, ಶ್ವಾಸಕೋಶಕ್ಕೆ ತಗಲಬಹುದು.

"ಒಂದು ಸಲ ಬಂದರೆ ರಕ್ತದಲ್ಲೇ ಉಳಿಯುತ್ತೆ, ಗರ್ಭಕೋಶ ಕೆಟ್ಟಹಾಗೇ" ಅನ್ನೋ ಮಾತು ಎಷ್ಟು ಹೇಳಿದರೂ ಹೋಗುತ್ತಿಲ್ಲ. ಕ್ಲಮೀಡಿಯಾ ಬ್ಯಾಕ್ಟೀರಿಯಾ. ಸರಿಯಾದ ಆಂಟಿಬಯೋಟಿಕ್ ತಗೊಂಡರೆ ಸಾಯುತ್ತದೆ. ಆಂಟಿಬಾಡಿ ಅಂದರೆ ರೋಗಾಣು ಅಲ್ಲ, ಅದರ ವಿರುದ್ಧ ನಿಮ್ಮ ದೇಹವೇ ತಯಾರಿಸಿದ್ದು. ವಾಸಿಯಾದ ಮೇಲೂ ವರ್ಷಗಟ್ಟಲೆ ಇರುತ್ತದೆ. ಈಗ ಸೋಂಕು ಇದೆಯಾ ಅಂತ ತಿಳಿಯಲು ಮೂತ್ರ ಅಥವಾ ಯೋನಿಯ ಸ್ವ್ಯಾಬ್ ಪರೀಕ್ಷೆಯೇ ಬೇಕು. ಸಿಫಿಲಿಸ್‌ನಲ್ಲೂ ಹೀಗೇ: ವಾಸಿಯಾದ ಮೇಲೂ ಟಿಪಿಎಚ್‌ಎ ಅನ್ನೋ ಆಂಟಿಬಾಡಿ ರಕ್ತಪರೀಕ್ಷೆ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಇರುತ್ತದೆ. ಆ ರಿಪೋರ್ಟ್ ನೋಡಿ ಎಷ್ಟು ಜನ ಸುಮ್ನೆ ಅಳುತ್ತಾರೆ! ಎಚ್‌ಐವಿ, ಹರ್ಪಿಸ್ ಮಾತ್ರ ಬೇರೆ. ಆ ವೈರಸ್‌ಗಳು ದೇಹದಲ್ಲೇ ಉಳಿಯುತ್ತವೆ.

ಕ್ಲಮೀಡಿಯಾದಿಂದ ಜಾಸ್ತಿ ಪೆಟ್ಟು ಬೀಳುವುದು ಟ್ಯೂಬ್‌ಗೆ. ಅದರ ಒಳಗೋಡೆಯಲ್ಲಿ ಕೂದಲೆಳೆಗಿಂತ ಸಣ್ಣ ಎಳೆಗಳು ಅಲುಗಾಡುತ್ತಾ ಅಂಡವನ್ನು ಮುಂದೆ ತಳ್ಳುತ್ತವೆ. ಸೋಂಕು ಅವನ್ನು ಹಾಳುಮಾಡಿ, ಗೋಡೆಗಳು ಅಂಟಿಕೊಳ್ಳುವಂತೆ ಮಾಡಬಹುದು. ಎಷ್ಟೋ ಸಲ ನೋವೇ ಇರುವುದಿಲ್ಲ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಆದ ಗಾಯದ ಕಲೆಯನ್ನು ಅಳಿಸುವುದಿಲ್ಲ. ಐವಿಎಫ್‌ನಲ್ಲಿ ಅಂಡ, ವೀರ್ಯಾಣು ಸೇರುವುದು ಹೊರಗೆ, ಹಾಗಾಗಿ ಟ್ಯೂಬ್ ಬೇಕಿಲ್ಲ. 1978ರಲ್ಲಿ ಹುಟ್ಟಿದ ಮೊದಲ ಐವಿಎಫ್ ಮಗುವಿನ ತಾಯಿಗೂ ಟ್ಯೂಬ್ ಬ್ಲಾಕ್ ಆಗಿತ್ತು.

ಎರಡು ವಿಷಯ ಮಾತ್ರ ಡಾಕ್ಟರ ಹತ್ತಿರ ಕೇಳಲೇಬೇಕು. ಟ್ಯೂಬ್‌ನಲ್ಲಿ ನೀರು ತುಂಬಿ ಊದಿಕೊಂಡಿದ್ದರೆ, ಅಂದರೆ ಹೈಡ್ರೋಸಾಲ್ಪಿಂಕ್ಸ್ ಇದ್ದರೆ, ಆ ನೀರು ಗರ್ಭಕೋಶಕ್ಕೆ ಇಳಿದು ಐವಿಎಫ್ ಫಲಿಸುವ ಸಾಧ್ಯತೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅಂಥ ಟ್ಯೂಬನ್ನು ಮೊದಲೇ ತೆಗೆಸುವುದೋ ಕ್ಲಿಪ್ ಹಾಕಿಸುವುದೋ ಒಳ್ಳೆಯದು. ಇನ್ನೊಂದು, ಗರ್ಭಕೋಶದಲ್ಲಿ ಬಿಟ್ಟ ಭ್ರೂಣವೂ ಟ್ಯೂಬ್‌ಗೆ ಹೋಗಿ ನಿಲ್ಲಬಹುದು. ಟ್ಯೂಬ್ ಹಾಳಾದವರಲ್ಲಿ ಈ ಅಪಾಯ ಜಾಸ್ತಿ. ಅದಕ್ಕೇ ಗರ್ಭ ನಿಂತ ಮೇಲೆ 6-7ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ. ಒಂದು ಪಕ್ಕ ಜೋರು ನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಸ್ಕ್ಯಾನ್ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ಆಗ ನಿಮ್ಮ ಸಂಗಾತಿಯೂ ಮಾತ್ರೆ ತಗೊಂಡಿದ್ದರಾ? ಇದನ್ನು ಯಾರೂ ಕೇಳುವುದೇ ಇಲ್ಲ. ಗಂಡಸರಲ್ಲೂ ಎಷ್ಟೋ ಸಲ ಲಕ್ಷಣ ಇರುವುದಿಲ್ಲ. ಒಬ್ಬರಿಗೆ ಮಾತ್ರ ಚಿಕಿತ್ಸೆ ಆದರೆ ಸೋಂಕು ಮತ್ತೆ ತಗಲುತ್ತದೆ, ಮತ್ತೆ ತಗಲಿದಷ್ಟೂ ಟ್ಯೂಬ್‌ಗೆ ಪೆಟ್ಟು ಹೆಚ್ಚು. ಐವಿಎಫ್‌ಗೆ ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿ. ಈಗ ಮಾತ್ರೆ ಮುಗಿಸುವವರಾದರೆ ಸುಮಾರು 3 ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ. 4 ವಾರದೊಳಗೆ ಮಾಡಿಸಿದರೆ ಸತ್ತ ರೋಗಾಣುವಿನ ಚೂರುಗಳೇ ಪಾಸಿಟಿವ್ ತೋರಿಸಬಹುದು.