ಮೊದಲು ಫಿಲ್ಟರ್‌ಗೆ ಜಾಗ, ಆಮೇಲೆ ಗಾಜು

ಹಾಲ್‌ನಲ್ಲಿ ಎಂಟು ಅಡಿಯ ಅಕ್ವೇರಿಯಂ ಬೇಕು ಅನ್ನುವವರು ವಿಜಯಪುರ, ಬಾಗಲಕೋಟೆ ಕಡೆ ಈಗ ಜಾಸ್ತಿ ಆಗಿದ್ದಾರೆ. ನನಗೆ ಸಂತೋಷವೇ. ಆದರೆ ಅವರು ಫೋನ್ ಮಾಡುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಕಟ್ಟೆಗೆ ಗ್ರಾನೈಟ್ ಕೂತಿರುತ್ತದೆ. ಬಡಗಿ ಕೆಳಗಿನ ಕಪಾಟಿಗೆ ಬಾಗಿಲು ಹಚ್ಚಿರುತ್ತಾನೆ. ಗಾಜಿನವನಿಗೆ ಅಳತೆ ಹೋಗಿರುತ್ತದೆ. ಆಗ ಕೇಳುತ್ತಾರೆ, "ಸರ, ಇದಕ್ಕ ಯಾವ ಫಿಲ್ಟರ್ ಹಚ್ಚೋಣ್ರಿ?"

ಹಚ್ಚೋಕೆ ಜಾಗವೇ ಇರುವುದಿಲ್ಲ.

ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ ಅಂದರೆ 50 ಘನ ಅಡಿ. ಘನ ಅಡಿಗೆ 28 ಲೀಟರ್ ಚಿಲ್ಲರೆ. ಒಟ್ಟು 1,400 ಲೀಟರ್. ನೀರಿನ ತೂಕವೇ 1.4 ಟನ್. ಮಹಡಿ ಮೇಲೆ ಇಡುವವರು ಮನೆ ಕಟ್ಟಿದ ಎಂಜಿನಿಯರನ್ನು ಕೇಳಿ, ಅದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಜನ ಪದೇ ಪದೇ ತಪ್ಪು ತಿಳಿಯುವ ಸಂಗತಿ ಬೇರೆಯೇ ಇದೆ. ಫಿಲ್ಟರ್ ಅಂದರೆ ನೀರು ತಿಳಿ ಮಾಡುವ ಜರಡಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. "ನೀರು ಎಷ್ಟು ತಿಳಿ ಅದ ನೋಡ್ರಿ, ಆದ್ರೂ ಮೀನ ಯಾಕ ಸಾಯಾಕತ್ತಾವ?" ಅನ್ನುತ್ತಾರೆ. ಮೀನಿನ ಕಿವಿರಿನಿಂದ ಸದಾ ಅಮೋನಿಯಾ ಹೊರಬರುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾ. ಅದಕ್ಕೆ ಬಣ್ಣ ಇಲ್ಲ. ಕನ್ನಡಿಯಂಥ ನೀರಿನಲ್ಲೂ ಮೀನು ಸಾಯುವಷ್ಟು ಇರಬಹುದು. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದರ ಕಾಟ ಕಡಿಮೆ, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಿದರೆ ಹೋಗುತ್ತದೆ.

ಈ ಬ್ಯಾಕ್ಟೀರಿಯಾಗೆ ಮೂರು ಬೇಕು. ಅಂಟಿಕೊಂಡು ಬೆಳೆಯಲು ಜಾಗ, ಬಿಡದೆ ಹರಿಯುವ ನೀರು, ಆ ನೀರಿನಲ್ಲಿ ಆಮ್ಲಜನಕ. ಸೆರಾಮಿಕ್ ರಿಂಗ್, ಸ್ಪಂಜು, ಲಾವಾ ಕಲ್ಲು ಹಾಕುವುದು ಈ ಜಾಗಕ್ಕೋಸ್ಕರ. ನೀವು ದುಡ್ಡು ಕೊಡುವುದು ಬ್ಯಾಕ್ಟೀರಿಯಾದ ಮನೆಗೆ. ನೀರು ತಿಳಿಯಾಗುವುದು ಜೊತೆಗೆ ಸಿಗುವ ಲಾಭ ಅಷ್ಟೇ.

ನಮ್ಮ ಕಡೆ ಇದು ಇನ್ನೂ ಮುಖ್ಯ. ಎಷ್ಟೋ ಮನೆಗಳ ಬೋರ್ ನೀರು ಸವಳು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಎಂಟರ ಆಸುಪಾಸು ಇರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟು ಆಗುತ್ತದೆ. ಬಿಸಿಲು ಹೆಚ್ಚಿದರೆ ಅದೂ ಹೆಚ್ಚುತ್ತದೆ. ಇತ್ತ ನೀರು ಬೆಚ್ಚಗಾದಷ್ಟೂ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಅದನ್ನೇ ಮೀನು ಮತ್ತು ಬ್ಯಾಕ್ಟೀರಿಯಾ ಹಂಚಿಕೊಳ್ಳಬೇಕು. ತಂಪು ಊರಿನಲ್ಲಿ ಹೇಗೋ ನಡೆದುಹೋಗುವ ಸಣ್ಣ ಫಿಲ್ಟರ್, ಮೇ ತಿಂಗಳ ವಿಜಯಪುರದಲ್ಲಿ ಕೈಕೊಡುತ್ತದೆ.

ಇಷ್ಟು ದೊಡ್ಡ ಟ್ಯಾಂಕ್‌ಗೆ ನಾನು ಸಾಮಾನ್ಯವಾಗಿ ಹೇಳುವುದು ಸಂಪ್. ನೆಲದೊಳಗಿನ ಸಂಪ್ ಅಲ್ಲ, ಕೆಳಗಿನ ಕಪಾಟಿನಲ್ಲಿ ಕೂರುವ ಇನ್ನೊಂದು ಗಾಜಿನ ತೊಟ್ಟಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ ಇದ್ದರೆ 340 ಲೀಟರ್ ಹಿಡಿಯುತ್ತದೆ. 1,400 ಲೀಟರಿಗೆ ಇದು ಹದವಾದ ಅಳತೆ. ಮೊದಲ ಖಾನೆಯಲ್ಲಿ ಕಸ ನಿಲ್ಲಬೇಕು, ಆಮೇಲೆ ರಿಂಗ್‌ಗಳ ಖಾನೆ, ಕೊನೆಗೆ ಪಂಪ್. ಹೀಗೆ ಮೊದಲು ಕಸ ನಿಲ್ಲಿಸುವ ಏರ್ಪಾಡನ್ನು ವಿಜಯಪುರದವರು ದಿನಾ ನೋಡುತ್ತಲೇ ಇದ್ದಾರೆ. 1651ರಲ್ಲಿ ಮುಹಮ್ಮದ್ ಆದಿಲ್ ಶಾ ಕಟ್ಟಿಸಿದ ಬೇಗಂ ತಾಲಾಬ್ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ನೀರಿನ ಗೋಪುರಗಳು. ಅವು ಕೊಳವೆಯ ಒತ್ತಡ ಇಳಿಸುತ್ತಿದ್ದವು, ಕೆಸರು ಅಲ್ಲೇ ತಳದಲ್ಲಿ ಕೂತು ತಿಳಿ ನೀರು ಮುಂದೆ ಹೋಗುತ್ತಿತ್ತು. ಅವರು ನೀರಿನ ದಾರಿಯಲ್ಲಿ ಗೋಪುರಕ್ಕೆ ಜಾಗ ಬಿಟ್ಟಿದ್ದರು. ನಾವು ಕಪಾಟಿನಲ್ಲಿ ನಾಲ್ಕು ಅಡಿ ಬಿಡುವುದಿಲ್ಲ.

ಬಿಟ್ಟರೂ ಬಾಗಿಲು ಒಂದೂವರೆ ಅಡಿ ಇರುತ್ತದೆ. ಒಂದು ಮನೆಯಲ್ಲಿ ಸಂಪ್ ಒಳಗೆ ಕೂರಿಸಿದ ಮೇಲೆ ಬಡಗಿ ನಡುವೆ ಹಲಗೆ ಹೊಡೆದಿದ್ದ. ಸ್ಪಂಜು ತೆಗೆಯಬೇಕಾದರೆ ಮಲಗಿ, ಭುಜದವರೆಗೂ ಕೈ ತೂರಿಸಬೇಕು. ಮೊಣಕೈ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಬೆರಳ ತುದಿಗೆ ಸ್ಪಂಜಿನ ಅಂಚು ಮಾತ್ರ ತಾಗುತ್ತದೆ. ಅಂಥ ಫಿಲ್ಟರನ್ನು ಯಾರು ತೊಳೆಯುತ್ತಾರೆ ಹೇಳಿ?

ಸಂಪ್‌ಗೆ ನೀರು ಇಳಿಯಲು ಮೇಲಿನ ಟ್ಯಾಂಕ್‌ಗೆ ತೂತು ಬೇಕು. ಇದನ್ನು ಗಾಜಿಗೆ ಆರ್ಡರ್ ಕೊಡುವಾಗಲೇ ಹೇಳಬೇಕು. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ತರಿಸಿ ಆಮೇಲೆ "ಒಂದು ತೂತು ಹಾಕ್ರಿ" ಅಂದರೆ ಆಗುವುದಿಲ್ಲ, ಡ್ರಿಲ್ ತಾಗಿದರೆ ಗಾಜು ಪುಡಿಪುಡಿ. ತೂತು ಎರಡಿರಲಿ. ಒಂದರಲ್ಲಿ ಎಲೆಯೋ ಸತ್ತ ಮೀನೋ ಸಿಕ್ಕಿಕೊಂಡರೆ ಇನ್ನೊಂದು ಮನೆ ಉಳಿಸುತ್ತದೆ.

ಪಂಪ್ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ. ಗಂಟೆಗೆ 5,000 ಲೀಟರ್ ಅಂತ ಬರೆದಿರುವುದು ನೀರನ್ನು ಒಂದಿಂಚೂ ಮೇಲೆತ್ತದೆ ಇದ್ದಾಗ. ನಿಮ್ಮ ಪಂಪ್ ಸಂಪ್‌ನಿಂದ ನಾಲ್ಕೂವರೆ ಅಡಿ ಎತ್ತಬೇಕು. ಹೆಚ್ಚೆಂದರೆ ಮೂರು ಮೀಟರ್ ಎತ್ತುವ ಪಂಪ್ ಆ ಎತ್ತರದಲ್ಲಿ ಅರ್ಧದ ಆಸುಪಾಸು ಕೊಡಬಹುದು. ಕೊಳವೆಯ ಪ್ರತಿ ಎಲ್ಬೋಗೂ, ಅಂದರೆ ತಿರುವಿಗೂ, ಇನ್ನಷ್ಟು ಇಳಿಯುತ್ತದೆ. ಗಂಟೆಗೆ ಟ್ಯಾಂಕಿನ ನೀರು ನಾಲ್ಕು ಸಲವಾದರೂ ತಿರುಗಲಿ ಅನ್ನುವುದು ನನ್ನ ಲೆಕ್ಕ. ಆಸ್ಕರ್, ಅರೋವಾನಾದಂಥ ದೊಡ್ಡ ಬಾಯಿಯ ಮೀನಾದರೆ ಇನ್ನೂ ಜಾಸ್ತಿ.

ಫಿಲ್ಟರ್ ಕೂರಿಸಿದ ದಿನವೇ ಅದು ಕೆಲಸ ಶುರು ಮಾಡುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. "ವಾಸ್ತುಶಾಂತಿಗೆ ಮೀನು ಓಡಾಡ್ತಿರಬೇಕು" ಅಂತ ಹಟ ಹಿಡಿಯುತ್ತಾರೆ. ಬಂದವರ ಮಕ್ಕಳೆಲ್ಲ ಮುಷ್ಟಿಗಟ್ಟಲೆ ಆಹಾರ ಸುರಿಯುತ್ತಾರೆ. ವಾರದೊಳಗೆ ಮೀನು ತೇಲುತ್ತದೆ. ಬಾಗಲಕೋಟೆಯ ನವನಗರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಮಾತ್ರ ಹೇಳಿದ್ದನ್ನು ಕೇಳಿದರು. ಮೀನಿಲ್ಲದ ಟ್ಯಾಂಕ್‌ಗೆ ದಿನಾ ಚಿಟಿಕೆ ಆಹಾರ ಹಾಕಿದರು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಅಳೆದು ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿದರು. ಮೊದಲು ಅಮೋನಿಯಾ ಏರಿ ಇಳಿಯಿತು, ಆಮೇಲೆ ನೈಟ್ರೈಟ್. ಎರಡೂ ಸೊನ್ನೆಗೆ ಬಂದ ಮೇಲೆ ಆ ಹುಡುಗಿಯೇ ನನಗೆ ಫೋನ್ ಮಾಡಿ "ಅಂಕಲ್, ಇನ್ನ ಮೀನ ತರಬಹುದು" ಅಂದಳು. ಅವರ ಬೋರ್ ನೀರಿಗೆ ಹೊಂದುವ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನು ಹಾಕಿದೆವು. ಪಿಎಚ್ ಎಂಟರ ಆಸುಪಾಸಿನ ನೀರು ಅವಕ್ಕೆ ತವರಿನ ನೀರು.

ಫಿಲ್ಟರ್ ತೊಳೆಯುವುದೂ ಹೀಗೇ. ರಿಂಗ್‌ಗಳನ್ನು ನಳದ ಕೆಳಗೆ ಹಿಡಿದು ಹೊಳೆಯುವ ಹಾಗೆ ತೊಳೆದರೆ, ನೀರಿನಲ್ಲಿರುವ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅಕ್ವೇರಿಯಂ ನೀರನ್ನೇ ಬಕೆಟ್‌ನಲ್ಲಿ ತೆಗೆದು ಸ್ಪಂಜು ಹಿಂಡಿ. ರಿಂಗ್‌ಗಳ ತಂಟೆಗೆ ಸುಮ್ನೆ ಹೋಗಬೇಡಿ.

ಇನ್ನು ಕರೆಂಟ್. ಪಂಪ್ ನಿಂತಾಗ, ಅದು ನೀರು ಮೇಲಕ್ಕೆ ಕಳಿಸುವ ಕೊಳವೆಯಲ್ಲೇ ಮೇಲಿನ ನೀರು ಹಿಂದಕ್ಕೆ ಬರುತ್ತದೆ. ಈ ಅಳತೆಯ ಟ್ಯಾಂಕಿನಲ್ಲಿ ಒಂದು ಇಂಚು ಅಂದರೆ 47 ಲೀಟರ್. ಕೊಳವೆಯ ಬಾಯಿ ನೀರಿನೊಳಗೆ ಆರು ಇಂಚು ಮುಳುಗಿದ್ದರೆ 280 ಲೀಟರ್ ಕೆಳಗಿಳಿದು ಹಾಲ್ ತುಂಬ ಹರಿಯುತ್ತದೆ. ಬಾಯಿ ಮೇಲೇ ಇರಲಿ, ನೀರಿನ ಮಟ್ಟದ ಹತ್ತಿರ ಕೊಳವೆಗೆ ಸಣ್ಣ ತೂತು ಹಾಕಿ. ಅಲ್ಲಿ ಗಾಳಿ ಹೊಕ್ಕರೆ ನೀರಿನ ಎಳೆತ ನಿಲ್ಲುತ್ತದೆ. ಇನ್ವರ್ಟರ್‌ನಿಂದ, ನೀರಿಗೆ ಗಾಳಿ ಊದುವ ಗಾಳಿ ಪಂಪ್‌ಗೆ ಬೇರೆ ಪಾಯಿಂಟ್ ಎಳೆಸಿ. ಅದು ತಿನ್ನುವ ಕರೆಂಟ್ ತೀರಾ ಕಡಿಮೆ. ಜಾಗವಿಲ್ಲದೆ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯಂಥ) ಫಿಲ್ಟರ್ ಹಾಕಿದ್ದರೆ, ಕೆಲವು ಗಂಟೆ ಕರೆಂಟ್ ಇಲ್ಲದಿದ್ದರೂ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯಲು ಶುರುವಾಗುತ್ತದೆ. ಕರೆಂಟ್ ಬಂದ ತಕ್ಷಣ ಸ್ವಿಚ್ ಹಾಕಬೇಡಿ. ಮೊದಲು ಅದರೊಳಗಿನ ನೀರು ಚೆಲ್ಲಿ, ಸ್ಪಂಜು ಹಿಂಡಿ, ಆಮೇಲೆ ಹಾಕಿ. ಇಲ್ಲದಿದ್ದರೆ ಆ ಕೊಳೆತ ನೀರೆಲ್ಲ ಒಂದೇ ಸಲಕ್ಕೆ ಮೀನಿನ ಮೇಲೆ ಬೀಳುತ್ತದೆ.