ಅಂಗನವಾಡಿ ಯೋಜನೆಯ ಪರಾಮರ್ಶೆ: ಎಂಟು ರೂಪಾಯಿ, ಇಪ್ಪತ್ತೈದು ಕೇಂದ್ರ, ಒಬ್ಬ ಕಾರ್ಯಕರ್ತೆ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದ ಕೂಡಲೇ ಬಹಳಷ್ಟು ಜನ ಆರು ಸೇವೆಗಳ ಪಟ್ಟಿ ಬರೆದು ಮುಗಿಸುತ್ತಾರೆ. 'ವಿವರಿಸಿ' ಎಂದಿದ್ದರೆ ಅಷ್ಟು ಸಾಕು. 'ಪರಾಮರ್ಶಿಸಿ' ಎಂದಿದ್ದರೆ ಸಾಲದು. ಈ ಯೋಜನೆಗೆ ಹಣ ಎಷ್ಟು ಕಡಿಮೆ ಬಿದ್ದಿದೆ ಅನ್ನೋದು ಆಯವ್ಯಯ ಪುಸ್ತಕದಲ್ಲಿ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ ಖಾಲಿ ಹುದ್ದೆಗಳ ತಖ್ತೆಯಲ್ಲಿ, ಕಾರ್ಯಕರ್ತೆಯ ದಿನಚರಿಯಲ್ಲಿ ಅಡಗಿರುತ್ತದೆ. ಎರಡನ್ನೂ ಜೋಡಿಸಿ ಓದುವುದು ಹೇಗೆ ಎಂಬುದಕ್ಕೆ ಈ ಟಿಪ್ಪಣಿ.

ಹಿನ್ನೆಲೆ, ಬೇಗ ಮುಗಿಸೋಣ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಕೇಂದ್ರಗಳೊಂದಿಗೆ. ಈಗ ರಾಜ್ಯದಲ್ಲಿ 204 ಯೋಜನೆಗಳು (ಹೆಚ್ಚೂಕಡಿಮೆ ತಾಲ್ಲೂಕು ಮಟ್ಟದ ಘಟಕಗಳು), 65 ಸಾವಿರಕ್ಕೂ ಮೇಲ್ಪಟ್ಟು ಕೇಂದ್ರಗಳು. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಾಹಿತಿ ಸೇವೆ (ಚಿಕಿತ್ಸೆ ಬೇಕಾದವರನ್ನು ಆಸ್ಪತ್ರೆಗೆ ಕಳಿಸುವುದು), ಇವು ಆರು. ಕೊನೆಯ ಮೂರು ಆರೋಗ್ಯ ಇಲಾಖೆಯ ಕೈಜೋಡಣೆಯಿಂದ ನಡೆಯುವಂಥವು. ಹಾಗಾಗಿ ಚುಚ್ಚುಮದ್ದಿನ ಹಿನ್ನಡೆಯನ್ನು ಪೂರ್ತಿ ಅಂಗನವಾಡಿಯ ತಲೆಗೆ ಕಟ್ಟಬೇಡಿ.

ಸುಪ್ರೀಂ ಕೋರ್ಟಿನ ಎರಡು ಆದೇಶಗಳು ನೆನಪಿನಲ್ಲಿರಲಿ. 2001ರ ನವೆಂಬರ್ 28ರ ಆದೇಶ ಅಂಗನವಾಡಿಯ ಪೂರಕ ಆಹಾರವನ್ನು ಹಕ್ಕಿನ ಮಟ್ಟಕ್ಕೆ ಏರಿಸಿತು. 2006ರ ಡಿಸೆಂಬರ್ 13ರದ್ದು 2008ರ ಡಿಸೆಂಬರ್ ಒಳಗೆ ದೇಶದಲ್ಲಿ 14 ಲಕ್ಷ ಕೇಂದ್ರಗಳಾಗಬೇಕು ಎಂದಿತು. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಕೇಂದ್ರವಿಲ್ಲದ ಜನವಸತಿಯವರು ಕೇಳಿದರೆ ಕೊಡಲೇಬೇಕು ಎಂಬುದೂ ಅದರಲ್ಲಿದೆ. 2013ರ ಆಹಾರ ಭದ್ರತಾ ಕಾಯ್ದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಕೇಂದ್ರಗಳು ಹೆಚ್ಚಿದಷ್ಟು ವೇಗದಲ್ಲಿ ಅವುಗಳ ಮೇಲಿನ ಮೇಲ್ವಿಚಾರಣೆ ಬೆಳೆಯಲಿಲ್ಲ. ಈಗಿನ ತೊಡಕುಗಳ ಒಂದು ಬೇರು ಅಲ್ಲಿದೆ.

ಹಣ: ವಿಲೀನದ ಮರೆಯಲ್ಲಿ ಕಡಿತ

2021–22ರಲ್ಲಿ ಅಂಗನವಾಡಿ ಸೇವೆ, ಪೋಷಣ್ ಅಭಿಯಾನ, ಕಿಶೋರಿಯರ ಯೋಜನೆ ಇವನ್ನೆಲ್ಲ ಸೇರಿಸಿ 'ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0' ಎಂದು ಹೆಸರಿಟ್ಟರು. ಆ ವರ್ಷದ ಕೇಂದ್ರ ಬಜೆಟ್ ಅಂದಾಜು 20,105 ಕೋಟಿ ರೂಪಾಯಿ. ಹಿಂದಿನ ವರ್ಷ ಅಂಗನವಾಡಿ ಸೇವೆಗೆ 20,532 ಕೋಟಿ ಇತ್ತಲ್ಲ, ಹೆಚ್ಚೂಕಡಿಮೆ ಅಷ್ಟೇ ಇದೆ ಎಂದು ಬರೆದರೆ ಎಡವಿದಂತೆ. ಹಿಂದಿನ ವರ್ಷದ ಲೆಕ್ಕಕ್ಕೆ ಪೋಷಣ್ ಅಭಿಯಾನದ 3,700 ಕೋಟಿ, ಕಿಶೋರಿಯರ 250 ಕೋಟಿ ಸೇರಿಸಬೇಕು. ಆಗ 24,482 ಕೋಟಿ. ಅಂದರೆ ಒಂದೇ ವರ್ಷದಲ್ಲಿ ಸುಮಾರು ಶೇ 18 ಇಳಿಕೆ. 2025–26ರ ಅಂದಾಜು 21,960 ಕೋಟಿ. ಐದು ವರ್ಷ ಕಳೆದರೂ ಹಳೆಯ ಮೊತ್ತ ಮುಟ್ಟಿಲ್ಲ, ಬೆಲೆ ಏರಿಕೆಯ ಮಾತು ಆಮೇಲಿನದು. ಯಾವುದೇ ಯೋಜನೆ ಹೆಸರು ಬದಲಿಸಿದ ವರ್ಷ ಮೊದಲು ಮಾಡಬೇಕಾದ ಕೆಲಸ ಇದೇ: ಹಳೆಯ ಶೀರ್ಷಿಕೆಗಳನ್ನೆಲ್ಲ ಕೂಡಿ, ಆಮೇಲೆ ಹೋಲಿಸಿ. ಬಜೆಟ್ ಅಂದಾಜನ್ನು ಅಂದಾಜಿನೊಂದಿಗೇ ಹೋಲಿಸಿ; ಒಂದು ವರ್ಷದ ಅಂದಾಜು, ಇನ್ನೊಂದು ವರ್ಷದ ವಾಸ್ತವ ಖರ್ಚು ಬೆರೆಸಿದರೆ ಬೇಕಾದ ಉತ್ತರ ಬರಿಸಿಕೊಳ್ಳಬಹುದು, ಸರಿಯಾದದ್ದು ಬರುವುದಿಲ್ಲ.

ಇನ್ನು ಘಟಕ ವೆಚ್ಚ, ಅಂದರೆ ಒಬ್ಬರ ಒಂದು ದಿನದ ಆಹಾರಕ್ಕೆ ನಿಗದಿಯಾದ ಹಣ. ಕೇಂದ್ರ ಸರ್ಕಾರ 2017ರಲ್ಲಿ ಪರಿಷ್ಕರಿಸಿದ ದರ: ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕ ಮಗುವಿಗೆ 12 ರೂಪಾಯಿ, ಗರ್ಭಿಣಿ ಮತ್ತು ಬಾಣಂತಿಗೆ 9 ರೂಪಾಯಿ 50 ಪೈಸೆ, ವರ್ಷಕ್ಕೆ 300 ದಿನ. ನಮ್ಮಂಥ ರಾಜ್ಯಗಳಲ್ಲಿ ಆಹಾರದ ವೆಚ್ಚ ಕೇಂದ್ರ ಮತ್ತು ರಾಜ್ಯದ ನಡುವೆ ಸಮಪಾಲು. ಅಲ್ಲಿಗೆ ಒಂದು ಮಗುವಿನ ವರ್ಷದ ಊಟಕ್ಕೆ ಕೇಂದ್ರದ ಕೊಡುಗೆ 1,200 ರೂಪಾಯಿ. ವರ್ಷಕ್ಕೆ ಶೇ 5ರಂತೆ ಬೆಲೆ ಏರಿತು ಎಂದಿಟ್ಟುಕೊಂಡರೆ, 2017ರ 8 ರೂಪಾಯಿಯ ಸಾಮಾನಿಗೆ ಎಂಟು ವರ್ಷದ ಬಳಿಕ 11 ರೂಪಾಯಿ 80 ಪೈಸೆ ಬೇಕು. ಈ ದರದೊಳಗೆ ಏನು ಕೊಡಬೇಕಿತ್ತು ಎಂದರೆ, ಆಹಾರ ಭದ್ರತಾ ಕಾಯ್ದೆಯ ಮೂಲ ಪಟ್ಟಿಯ ಪ್ರಕಾರ (2023ರಲ್ಲಿ ಅದು ಪರಿಷ್ಕರಣೆಯಾಯಿತು) ಮೂರರಿಂದ ಆರು ವರ್ಷದ ಮಗುವಿಗೆ 500 ಕಿಲೋಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್. ಅಪೌಷ್ಟಿಕ ಮಗುವಿಗೆ 800 ಕಿಲೋಕ್ಯಾಲೊರಿ, 20ರಿಂದ 25 ಗ್ರಾಂ. ಅಕ್ಕಿ, ಗೋಧಿ ರಿಯಾಯಿತಿ ದರದಲ್ಲಿ ಸಿಗುವುದರಿಂದ ಕ್ಯಾಲೊರಿ ಹೇಗೋ ತುಂಬುತ್ತದೆ. ಏಟು ಬೀಳುವುದು ಬೇಳೆ, ಮೊಟ್ಟೆ, ಎಣ್ಣೆ, ತರಕಾರಿಗೆ. ತಟ್ಟೆ ತುಂಬಿದ್ದೂ ಸಾರು ತೆಳ್ಳಗಿರುವುದರ ಹಿಂದೆ ಈ ಲೆಕ್ಕವಿದೆ.

ಕರ್ನಾಟಕ ತನ್ನ ಕಿಸೆಯಿಂದ ಸೇರಿಸಿದ್ದು ಸಣ್ಣದಲ್ಲ: 2013ರಿಂದ ಕ್ಷೀರಭಾಗ್ಯದ ಹಾಲು, ಮಕ್ಕಳಿಗೆ ಮೊಟ್ಟೆ, 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಮಾತೃಪೂರ್ಣದ ಬಿಸಿಯೂಟ. ಆದರೆ ಊಟ ಸೇರಿತು, ಬಡಿಸುವ ಕೈ ಸೇರಲಿಲ್ಲ. ಗರ್ಭಿಣಿ, ಬಾಣಂತಿಯರಿಗೂ ತಿಂಗಳಿಗೆ 25 ದಿನ ಅನ್ನ, ಸಾಂಬಾರು, ಮೊಟ್ಟೆ, 200 ಮಿಲಿ ಹಾಲು, ಚಿಕ್ಕಿ ಅದೇ ಒಲೆಯಲ್ಲಿ, ಅದೇ ಸಹಾಯಕಿಯಿಂದ ಆಗಬೇಕು. ಪರಾಮರ್ಶೆ ಬರೆಯುವಾಗ ರಾಜ್ಯದ ಹೆಚ್ಚುವರಿ ಯೋಜನೆಗಳನ್ನು ಹೊಗಳಿ ಬಿಟ್ಟುಬಿಡುವುದು ಸುಲಭ. ಅದರ ಜೊತೆ ಕೆಲಸದ ಹೊರೆ ಎಷ್ಟು ಏರಿತು ಎಂಬ ಸಾಲು ಇರಲೇಬೇಕು.

ಸಿಬ್ಬಂದಿ: ಮೆಟ್ಟಿಲುಗಳು

ಜಿಲ್ಲೆಗೆ ಉಪನಿರ್ದೇಶಕರು. ಯೋಜನೆಗೆ ಒಬ್ಬ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲರ ಬಾಯಲ್ಲಿ ಸಿಡಿಪಿಒ. ಸುಮಾರು 25 ಕೇಂದ್ರಗಳ ವೃತ್ತಕ್ಕೆ ಒಬ್ಬ ಮೇಲ್ವಿಚಾರಕಿ. ಕೇಂದ್ರಕ್ಕೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. 400ರಿಂದ 800 ಜನಸಂಖ್ಯೆಗೆ ಒಂದು ಪೂರ್ಣ ಕೇಂದ್ರ, 150ರಿಂದ 400ಕ್ಕೆ ಮಿನಿ ಕೇಂದ್ರ. ಬುಡಕಟ್ಟು, ಗುಡ್ಡಗಾಡು ಪ್ರದೇಶದಲ್ಲಿ 300ರಿಂದಲೇ ಪೂರ್ಣ ಕೇಂದ್ರ. ಮಿನಿ ಕೇಂದ್ರದಲ್ಲಿ ಸಹಾಯಕಿಯ ಹುದ್ದೆಯೇ ಇರಲಿಲ್ಲ: ಅಡುಗೆಯೂ ಪಾಠವೂ ಒಬ್ಬಳದೇ. ಅವನ್ನು ಪೂರ್ಣ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲು 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು.

ಮೇಲಿನ ಮೂರು ಮೆಟ್ಟಿಲಿನವರು ಸರ್ಕಾರಿ ನೌಕರರು, ಸಂಬಳದವರು. ಕೆಳಗಿನ ಇಬ್ಬರು 'ಗೌರವಸೇವೆ'ಯವರು, ಗೌರವಧನದವರು. ಇಡೀ ರಚನೆಯಲ್ಲಿ ಇದಕ್ಕಿಂತ ಮುಖ್ಯವಾದ ಗೆರೆ ಇನ್ನೊಂದಿಲ್ಲ. ಮಕ್ಕಳನ್ನು ನಿತ್ಯ ಮುಟ್ಟಿ, ತೂಗಿ, ಉಣಿಸುವವರೆಲ್ಲ ಆ ಗೆರೆಯ ಕೆಳಗಿದ್ದಾರೆ. 2018ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಮಾನದಂಡ ಕಾರ್ಯಕರ್ತೆಗೆ ತಿಂಗಳಿಗೆ 4,500, ಮಿನಿ ಕಾರ್ಯಕರ್ತೆಗೆ 3,500, ಸಹಾಯಕಿಗೆ 2,250 ರೂಪಾಯಿ. ಇದರಲ್ಲೂ ಕೇಂದ್ರದ ಪಾಲು ಶೇ 60 ಮಾತ್ರ. ಕಾರ್ಯಕರ್ತೆಯ 4,500ರಲ್ಲಿ ದೆಹಲಿಯಿಂದ ಬರುವುದು 2,700. ಅದರ ಮೇಲೆ ರಾಜ್ಯ ಏರಿಸಿದ್ದೆಲ್ಲ ಪೂರ್ತಿ ರಾಜ್ಯದ್ದೇ. 2025ರ ರಾಜ್ಯ ಬಜೆಟ್ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಿಸಿದಾಗ ಆದದ್ದು ಇದೇ.

ಕಾನೂನಿನ ಸ್ಥಾನದ ಬಗ್ಗೆ ಎರಡು ತೀರ್ಪು ಒಟ್ಟಿಗೆ ಓದಿ. ಕರ್ನಾಟಕ ಸರ್ಕಾರ ಮತ್ತು ಅಮೀರಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರ ಏಪ್ರಿಲ್ 25ರಂದು ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಅದೇ ಕೋರ್ಟ್, ಇವರಿಗೆ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಎರಡನೆಯದು ಮೊದಲನೆಯದನ್ನು ಅಳಿಸಿಹಾಕಿತು ಎಂದು ಬರೆಯಬೇಡಿ. ಗ್ರಾಚ್ಯುಟಿಗೆ ಅರ್ಹರು ಎಂದಷ್ಟೇ ಅದರ ತಾತ್ಪರ್ಯ, ಸರ್ಕಾರಿ ನೌಕರರು ಎಂದಲ್ಲ.

ಭೇಟಿಯ ಲೆಕ್ಕ

ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ, ಈ ಮೂರು ಕಾಲಂ ಎಲ್ಲ ವರದಿಯಲ್ಲೂ ಇರುತ್ತವೆ. ನಾಲ್ಕನೆಯದನ್ನು ನೀವೇ ಗೆರೆ ಎಳೆದು ಸೇರಿಸಿಕೊಳ್ಳಿ: ಪ್ರಭಾರ. ಖಾಲಿ ವೃತ್ತವನ್ನು ಪಕ್ಕದ ಮೇಲ್ವಿಚಾರಕಿಗೆ ವಹಿಸಿದರೆ ಕಾಗದದಲ್ಲಿ ವೃತ್ತ ಅನಾಥವಾಗಿರುವುದಿಲ್ಲ. ಒಂದು ಉದಾಹರಣೆ ಲೆಕ್ಕ ನೋಡಿ. ಮೇಲ್ವಿಚಾರಕಿಗೆ ತಿಂಗಳಿಗೆ 24 ಕೆಲಸದ ದಿನ. ವೃತ್ತದ ಸಭೆ, ಯೋಜನಾ ಕಚೇರಿಯ ಸಭೆ, ತರಬೇತಿ, ವರದಿ, ಬಿಲ್ಲು ಇವಕ್ಕೆ 10 ದಿನ ಕಳೆದರೆ ಕ್ಷೇತ್ರಕ್ಕೆ ಉಳಿಯುವುದು 14. ಒಂದು ಭೇಟಿ ನೆಟ್ಟಗಾಗಬೇಕಾದರೆ, ಅಂದರೆ ದಾಸ್ತಾನು ಎಣಿಸಿ, ನಾಲ್ಕಾರು ಮಕ್ಕಳನ್ನು ಮತ್ತೆ ತೂಗಿ, ಒಂದೆರಡು ಮನೆಗೆ ಹೋಗಿ ಬರಬೇಕಾದರೆ, ದಿನಕ್ಕೆ ಒಂದೇ ಕೇಂದ್ರ. 25 ಕೇಂದ್ರ ಮುಗಿಯಲು ಎರಡು ತಿಂಗಳು ಹಿಡಿಯುತ್ತದೆ. ಪ್ರಭಾರ ಸೇರಿ 50 ಆದರೆ ಮೂರೂವರೆ ತಿಂಗಳು ದಾಟುತ್ತದೆ. ಆಗ ಏನಾಗುತ್ತದೆ? ದಿನಕ್ಕೆ ನಾಲ್ಕು ಕೇಂದ್ರ ಹೊಕ್ಕು ರಿಜಿಸ್ಟರಿಗೆ ಸಹಿ ಹಾಕಿ ಬರುವ ಭೇಟಿಗಳಾಗುತ್ತವೆ. ಭೇಟಿಗಳ ಸಂಖ್ಯೆ ಗುರಿ ಮುಟ್ಟಿರುತ್ತದೆ. ಹಾಗಾಗಿ ಸಂಖ್ಯೆ ನೋಡಬೇಡಿ, ಸಂದರ್ಶನ ಪುಸ್ತಕದಲ್ಲಿ ಬರೆದ ಷರಾ ನೋಡಿ. 'ಎಲ್ಲವೂ ಸರಿ ಇದೆ' ಎಂಬ ಒಂದೇ ಸಾಲು ಹತ್ತು ಕೇಂದ್ರಗಳಲ್ಲಿ ಒಂದೇ ದಿನಾಂಕಕ್ಕೆ ಇದ್ದರೆ ಉತ್ತರ ಸಿಕ್ಕಿತು.

ಕಾರ್ಯಕರ್ತೆಯ ದಿನವನ್ನೂ ನಿಮಿಷದಲ್ಲಿ ಒಡೆಯಿರಿ. ಕೇಂದ್ರ ಬೆಳಗ್ಗೆ 9.30ರಿಂದ ಸಂಜೆ 4, ಒಟ್ಟು 390 ನಿಮಿಷ. ಶಾಲಾಪೂರ್ವ ಚಟುವಟಿಕೆಗೆ 120, ಮಕ್ಕಳ ಊಟಕ್ಕೆ 60, ಮಾತೃಪೂರ್ಣಕ್ಕೆ 60, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನ ನಮೂದಿಗೆ 45, ಮನೆಭೇಟಿಗೆ 60, ಸ್ವಂತ ಊಟಕ್ಕೆ 30 ಎಂದರೆ 375 ಮುಗಿಯಿತು. ಉಳಿದ 15 ನಿಮಿಷದಲ್ಲಿ ಮಾತೃವಂದನಾ (ಗರ್ಭಿಣಿ, ಬಾಣಂತಿಯರ ನಗದು ನೆರವಿನ ಯೋಜನೆ) ಅರ್ಜಿ, ಮತದಾರರ ಪಟ್ಟಿಯ ಕೆಲಸ, ಲಸಿಕೆಗೆ ಕರೆಯುವುದು. ತೂಕದ ದಿನ ಬಂದರೆ 60 ಮಕ್ಕಳಿಗೆ ತಲಾ 4 ನಿಮಿಷ ಹಿಡಿದರೂ 240 ನಿಮಿಷ ಅದಕ್ಕೇ ಹೋಯಿತು. ಎಲ್ಲಿಂದ ಕಳೆಯುವುದು? ಊಟ ನಿಲ್ಲಿಸುವಂತಿಲ್ಲ, ಆ್ಯಪ್‌ನಲ್ಲಿ ಹಾಜರಾತಿ ಬೀಳದಿದ್ದರೆ ಅದು ಕೂಡಲೇ ಮೇಲಿನವರಿಗೆ ಕಾಣುತ್ತದೆ. ಪಾಠ ನಡೆಯದಿದ್ದರೆ ಯಾರಿಗೂ ಕಾಣುವುದಿಲ್ಲ. ಶಾಲಾಪೂರ್ವ ಶಿಕ್ಷಣ ಸೊರಗುವುದು ಹೀಗೆ. ಇದಕ್ಕೆ ತರಬೇತಿ ಇಲ್ಲದ್ದೊಂದೇ ಕಾರಣ ಎಂದು ಬರೆದರೆ ಅರ್ಧ ಸತ್ಯ.

ಅಳತೆ ತಪ್ಪಿದರೆ ಹಣವೂ ತಪ್ಪುತ್ತದೆ

ಈ ಭಾಗ ಪಠ್ಯಗಳಲ್ಲಿ ಬಿಡಿಬಿಡಿಯಾಗಿ ಇರುತ್ತದೆ, ಜೋಡಿಸಿಕೊಳ್ಳುವುದು ನಮ್ಮ ಕೆಲಸ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಮೇಲ್ಪಟ್ಟವರನ್ನು ನಿಲ್ಲಿಸಿ ಎತ್ತರ. ನಿಂತ ಅಳತೆ ಮಲಗಿದ ಅಳತೆಗಿಂತ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ, ಆದ್ದರಿಂದ ಎರಡನ್ನೂ ಬೆರೆಸಬಾರದು. ಮಲಗಿಸಿ ಅಳೆಯಲು ಇಬ್ಬರು ಬೇಕು: ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದದ ಹಲಗೆ ತರಬೇಕು. ಸಹಾಯಕಿ ಹುದ್ದೆ ಖಾಲಿ ಇದ್ದಲ್ಲಿ, ಅಥವಾ ಅವಳು ಒಲೆ ಮುಂದೆ ಇದ್ದಾಗ, ಒಬ್ಬಳೇ ಅಳೆದರೆ ಮೊಣಕಾಲು ಮಡಚಿಯೇ ಇರುತ್ತದೆ. ಉದ್ದ ಕಡಿಮೆ ಬೀಳುತ್ತದೆ. ಆ ಉದ್ದಕ್ಕೆ ಮಗುವಿನ ತೂಕ ಸಾಕಷ್ಟಿದೆ ಎಂದು ತೋರುತ್ತದೆ. ಹೀಗೆ ತೀವ್ರ ಅಪೌಷ್ಟಿಕ ಮಗು ಪಟ್ಟಿಗೆ ಬರುವುದೇ ಇಲ್ಲ, 8 ರೂಪಾಯಿಯ ಸಾಲಿನಲ್ಲೇ ಉಳಿಯುತ್ತದೆ. ಹೆಚ್ಚುವರಿ 4 ರೂಪಾಯಿ ಸಿಗುವುದಿಲ್ಲ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುವ ಮಾತೂ ಬರುವುದಿಲ್ಲ. ವರ್ಷದ ಕೊನೆಗೆ ಆ ಶೀರ್ಷಿಕೆಯಲ್ಲಿ ಹಣ ಮಿಕ್ಕಿದ್ದರೆ 'ಬೇಡಿಕೆ ಕಡಿಮೆ' ಎಂದು ಓದುವವರೂ ಇದ್ದಾರೆ.

ಅಡ್ಡ ಪರೀಕ್ಷೆಗೆ ತೋಳಿನ ಸುತ್ತಳತೆಯ ಪಟ್ಟಿ ಸಾಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ತೋಳಿನ ಪಟ್ಟಿಯ ಪ್ರಕಾರ ಕೆಂಪು (11.5ಕ್ಕಿಂತ ಕಡಿಮೆ), ಆ್ಯಪ್ ಪ್ರಕಾರ ಸಾಮಾನ್ಯ ಎಂದಿರುವ ಮಕ್ಕಳು ಸಿಕ್ಕರೆ ಉದ್ದವನ್ನು ಮತ್ತೊಮ್ಮೆ ಇಬ್ಬರು ಸೇರಿ ಅಳೆಯಿರಿ. ಎರಡು ಅಳತೆಗಳೂ ಎಲ್ಲ ಸಲ ಒಂದೇ ಮಕ್ಕಳನ್ನು ಗುರುತಿಸುವುದಿಲ್ಲ, ಆದ್ದರಿಂದ ವ್ಯತ್ಯಾಸ ಕಂಡ ಕೂಡಲೇ ಕಾರ್ಯಕರ್ತೆಯ ತಪ್ಪು ಎಂದು ತೀರ್ಮಾನಿಸಬಾರದು.

ಶೇಕಡಾವಾರು ನೋಡುವಾಗ ಛೇದ ಕೇಳಿ. ದಾಖಲಾದವರು 60, ತೂಗಿದ್ದು 45, ಕೃಶರಾದವರು (ಎತ್ತರಕ್ಕೆ ತಕ್ಕ ತೂಕವಿಲ್ಲದವರು) 9 ಎನ್ನಿ. ತೂಗಿದವರ ಲೆಕ್ಕದಲ್ಲಿ ಶೇ 20, ದಾಖಲಾತಿ ಲೆಕ್ಕದಲ್ಲಿ ಶೇ 15. ಸಮೀಕ್ಷೆಯಲ್ಲಿ ಆ ಊರಿಗೆ 90 ಮಕ್ಕಳಿದ್ದರೆ ದಾಖಲಾಗದ 30 ಮಕ್ಕಳ ಬಗ್ಗೆ ಎರಡೂ ಅಂಕಿ ಮೌನ. ವಲಸೆ ಕಾರ್ಮಿಕರ, ತೋಟದ ಲೈನ್ ಮನೆಗಳ ಮಕ್ಕಳು ಆ ಮೂವತ್ತರಲ್ಲೇ ಹೆಚ್ಚಾಗಿರುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಶೇ 35.4, ಕೃಶತೆ ಶೇ 19.5. ಅದು ಮನೆಗಳಿಗೆ ಹೋಗಿ ಮಾಡಿದ ಮಾದರಿ ಸಮೀಕ್ಷೆ; ಆ್ಯಪ್‌ನ ಅಂಕಿಯನ್ನು ಅದರ ಪಕ್ಕ ಇಟ್ಟು ಸುಧಾರಣೆ ಎಂದು ಘೋಷಿಸುವುದು ತಕ್ಕಡಿಯ ಎರಡು ತಟ್ಟೆಗೆ ಬೇರೆ ಬೇರೆ ತೂಕದ ಬಟ್ಟು ಇಟ್ಟಂತೆ.

ಶಿಫಾರಸು ಬರೆಯುವಾಗ

'ಹೆಚ್ಚಿನ ಅನುದಾನ ಒದಗಿಸಬೇಕು' ಎಂಬ ಸಾಲಿಗೆ ಯಾರೂ ಅಂಕ ಕೊಡುವುದಿಲ್ಲ. ಹೊಸ ಮಂಜೂರಾತಿ ಬೇಕಿಲ್ಲದ್ದು ಮೊದಲು ಬರಲಿ. ಖಾಲಿ ಮೇಲ್ವಿಚಾರಕಿ ಹುದ್ದೆಗಳಿಗೆ ಮಂಜೂರಾತಿ ಈಗಾಗಲೇ ಇದೆ, ಭರ್ತಿ ಮಾಡಿದರೆ 25 ಕೇಂದ್ರಕ್ಕೆ ಒಟ್ಟಿಗೆ ಲಾಭ. ಎರಡನೆಯದು ಸಹಾಯಕಿಯರ ಖಾಲಿ ಸ್ಥಾನ. ಆಹಾರದ ದರವನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಿ ವರ್ಷಕ್ಕೊಮ್ಮೆ ತಾನಾಗಿ ಏರುವಂತೆ ಮಾಡುವುದು ಮೂರನೆಯದು. ಹತ್ತು ವರ್ಷಕ್ಕೊಮ್ಮೆ ದೊಡ್ಡ ಜಿಗಿತಕ್ಕಿಂತ ಇದು ಹಣಕಾಸು ಇಲಾಖೆಗೂ ಹಗುರ. ಶಾಲಾಪೂರ್ವ ಪಾಠಕ್ಕೆಂದೇ ಎರಡನೇ ಕಾರ್ಯಕರ್ತೆ ಎಂಬುದು ದುಬಾರಿ, ಆದ್ದರಿಂದ ಮಕ್ಕಳ ಸಂಖ್ಯೆ ಹೆಚ್ಚಿರುವ ಕೇಂದ್ರಗಳಿಂದ ಆರಂಭಿಸಿ ಎಂದು ಮಿತಿ ಹಾಕಿ.

ಕಟ್ಟಡದ ಮಾತು ಬಂದರೆ ಮೊತ್ತ ಒಡೆದು ತೋರಿಸಿ: ಉದ್ಯೋಗ ಖಾತರಿಯೊಂದಿಗೆ ಜೋಡಿಸಿದ್ದ ಮಾದರಿಯಲ್ಲಿ ಒಂದು ಕೇಂದ್ರಕ್ಕೆ 12 ಲಕ್ಷ ಇತ್ತು, ಅದರಲ್ಲಿ 8 ಲಕ್ಷ ಉದ್ಯೋಗ ಖಾತರಿಯಿಂದ, 2 ಲಕ್ಷ 15ನೇ ಹಣಕಾಸು ಆಯೋಗದ ಅಥವಾ ಬೇರೆ ನಿಧಿಯಿಂದ, 2 ಲಕ್ಷ ಇಲಾಖೆಯಿಂದ. ಮೂರು ಕಡೆಯ ಹಣ ಮೂರು ಹೊತ್ತಿಗೆ ಬರುತ್ತಿದ್ದುದರಿಂದ ಛಾವಣಿ ಮಟ್ಟದಲ್ಲಿ ಕೆಲಸ ನಿಲ್ಲುತ್ತಿದ್ದುದುಂಟು.

ಮೇಲ್ವಿಚಾರಕಿ ಭರ್ತಿಯಲ್ಲಿ ಒಂದು ಗಂಟಿದೆ, ಅದನ್ನು ಬಿಡಬೇಡಿ. ಆ ಹುದ್ದೆಗಳಲ್ಲಿ ಅರ್ಧದಷ್ಟು ಅನುಭವಿ ಕಾರ್ಯಕರ್ತೆಯರಿಗೆ ಮೀಸಲಿಡಬೇಕೆಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ನೂರು ಹುದ್ದೆ ತುಂಬಿದರೆ ಕೆಳಗೆ ಐವತ್ತು ಕಾರ್ಯಕರ್ತೆಯರ ಸ್ಥಾನ ಖಾಲಿಯಾಗುತ್ತದೆ, ಅಲ್ಲಿಗೆ ಸಹಾಯಕಿಯರು ಬಡ್ತಿ ಪಡೆದರೆ ಅಷ್ಟೇ ಒಲೆಗಳು ಖಾಲಿ. ಮೂರೂ ಹಂತದ ಅಧಿಸೂಚನೆ ಒಂದೇ ವೇಳಾಪಟ್ಟಿಯಲ್ಲಿ ಹೊರಡಬೇಕು ಎಂದು ಶಿಫಾರಸಿನಲ್ಲೇ ಬರೆಯಿರಿ.